ಕಾಲಂ ಇಲ್ಲದ ಕೋವಿ

ಚುನಾವಣೆ ಬಂತು. ಆಲ್ದೂರು ಠಾಣೆಯ ಗೋಡೆಗೆ
ಎಸ್ಟೇಟಿನ ಕೋವಿಗಳೆಲ್ಲ ಒರಗಿ ನಿಂತಿವೆ,
ಕೊರಳಿಗೆ ಚೀಟಿ ಕಟ್ಟಿಸಿಕೊಂಡು,
ಒಂದನೇ ಕ್ಲಾಸಿನ ಮಕ್ಕಳ ಹಾಗೆ.

ಅಪೊಲಿನ್ ಬಾಯಿ ಗೋಣಿ ಬಿಚ್ಚಿದರು: ಏರ್‌ಗನ್ನು.
ರೈಟರು ನಾನು, ಕೇಳಲೇಬೇಕು.
ಲೈಸೆನ್ಸ್ ನಂಬರು?
ಇದಕ್ಕೆ ಬೇಡವಂತೆ.
ತೋಟಾ ಎಷ್ಟು?
ತೋಟಾ ಎಲ್ಲಿ ಸಾರ್, ಬರೀ ಗಾಳಿ.

ಗಾಳಿ ಎಂದು ಬರೆಯಲು ಕಾಲಂ ಇಲ್ಲ.

ಮತ್ತೆ ತಂದದ್ದು ಯಾಕಮ್ಮ?
‘ನಮ್ಮವರು ಪ್ರತಿ ಎಲೆಕ್ಷನ್ನಿಗೂ ತರುತ್ತಿದ್ದರು,
ನೀವು ಪ್ರತಿ ಸಲವೂ ನಕ್ಕು ಕಳಿಸುತ್ತಿದ್ದಿರಿ.
ಈ ಸಲ ಅವರಿಲ್ಲ.’

ಇದಕ್ಕೆಂದು ಜರ್ಮನಿಯಿಂದ ವಾಷರು ತರಿಸಿದ್ದರಂತೆ,
ಹೆಬ್ಬೆರಳಗಲದ ತೊಗಲು.
ಮದರಾಸಿನ ಕಸ್ಟಮ್ಸಿನವರು ಹಿಡಿದಿಟ್ಟು ಕೇಳಿದರು:
ಇದು ಆಯುಧದ ಅಂಗವೇ? ಸಮಜಾಯಿಷಿ ಕೊಡಿ.
ಮೂರು ಕಾಗದ ಬರೆದು, ನಾಲ್ಕನೆಯದಕ್ಕೆ ಬೇಸತ್ತು
ತಮ್ಮ ಬೂಟಿನ ನಾಲಗೆಯನ್ನೇ ಕೊಯ್ದು ಕೂರಿಸಿದರಂತೆ.

ನಳಿಗೆ ಮಡಚಿದೆ. ಖಾಲಿಯಲ್ಲೇ ಕುದುರೆ ಎಳೆದೆ.
ಫುಸ್ಸೆಂದಿತು.
ಮೇಜಿನ ಮೇಲಿದ್ದ ನೀತಿಸಂಹಿತೆ
ಒಂದು ಪುಟ ಮಗುಚಿಕೊಂಡಿತು.
ಬಾಗಿಲ ಸೆಂಟ್ರಿ ಕತ್ತು ಹಾಕಿ ನೋಡಿ ಹೋದ.

‘ರಸೀದಿ?’ ಎಂದರು ಬಾಯಿ.

ನಗಲಾಗಲಿಲ್ಲ ಈ ಸಲ. ಮಿಕ್ಕ ಕಾಲಂಗಳಿಗೆಲ್ಲ ಗೀಟು ಎಳೆದು
ಷರಾದಲ್ಲಿ ಬರೆದೆ:
ಬೂಟಿನ ನಾಲಗೆ ಒಂದು. ಸುಸ್ಥಿತಿಯಲ್ಲಿದೆ.
ಫಲಿತಾಂಶದ ಮಾರನೇ ದಿನ ಹಿಂದಿರುಗಿಸತಕ್ಕದ್ದು.