ನೆಲಾ, ನೆಲಾ

ಕುತೈಸಿಯಲ್ಲಿ ಏಳನೆಯ ನಂಬರಿನ ಬಸ್ಸು ಓಡಿಸುವ
ನಾಜಿಬ್ರೋಲಾಗೆ ಡಾಕ್ಟರು ಮಾತ್ರೆ ಬರೆಯಲಿಲ್ಲ.
ಕಣ್ಣು ಮುಚ್ಚಿ, ಅಂದರು. ಒಂದು ಕಡಲತೀರ ನೆನೆಯಿರಿ.
ನೆನೆದಳು. ಎದೆ ಇನ್ನೂ ಜೋರಾಗಿ ಹೊಡೆದುಕೊಂಡಿತು:
ಕಡಲಲ್ಲೇ ಇದ್ದಾನೆ ಗಂಡ, ಸರಕಿನ ಹಡಗಿನಲ್ಲಿ,
ಹನ್ನೊಂದು ದಿನದಿಂದ ಫೋನಿಲ್ಲ.

ಹಾಗಾದರೆ ಬರೀ ಉಸಿರು ಎಣಿಸಿ, ಅಂದರು ಡಾಕ್ಟರು
ಗಡಿಯಾರ ನೋಡುತ್ತ.

ಎಲ್ಲಿ ಕೂತು ಎಣಿಸುವುದು?
ಮನೆಯಲ್ಲಿ ಅತ್ತೆಯ ಟೀವಿ, ಡಿಪೋದಲ್ಲಿ ಮೇಲಿನವನ ಬಾಯಿ.
ಸಿಕ್ಕಿದ್ದು ಸೇತುವೆ ಬಳಿಯ ಕೆಂಪು ದೀಪ,
ನಲವತ್ತು ಸೆಕೆಂಡು.
ಕಿವಿಯ ತನಕ ಏರಿದ್ದ ಹೆಗಲು ಇಳಿಸಿದಳು,
ಕಚ್ಚಿದ್ದ ಹಲ್ಲು ಬಿಟ್ಟಳು,
ಸ್ಟಿಯರಿಂಗಿನ ಮೇಲೆ ಬೆರಳು ಸಡಿಲವಾದವು
ಯಾರೋ ಮರೆತುಹೋದ ಕೈಗವಸಿನ ಹಾಗೆ.
ಒಂದು. ಎರಡು. ಕೆಳಗೆ ಬೂದುಬಣ್ಣದ ರಿಯೋನಿ ನದಿ. ಮೂರು.
ನಾಲ್ಕನೆಯದನ್ನು ಹಿಂದಿನ ಟ್ಯಾಕ್ಸಿಯ ಹಾರನ್ನು ನುಂಗಿತು.

ಕೆಂಪು ದೀಪ ಬೀಳಲಿ ಎಂದು ಹರಕೆ ಹೊತ್ತವಳು
ಇಡೀ ಊರಲ್ಲಿ ಅವಳೊಬ್ಬಳೇ.

ಏಪ್ರಿಲ್ ಕೊನೆಗೆ ನಗರಸಭೆಯವರು ದೀಪ ಕಿತ್ತರು,
ವೃತ್ತ ಮಾಡಿದರು, ನಡುವೆ ಟ್ಯೂಲಿಪ್ ನೆಟ್ಟರು.
ಇನ್ನು ಅಲ್ಲಿ ಯಾರೂ ನಿಲ್ಲಬೇಕಿಲ್ಲ.
ಮೂರು ದಿನ ಉಸಿರು ಕಟ್ಟಿದವಳಂತೆ ಓಡಿಸಿದಳು.
ಹುಡುಗನೊಬ್ಬನ ಪಿಟೀಲಿನ ಪೆಟ್ಟಿಗೆಯನ್ನು
ಬಾಗಿಲಿಗೆ ಸಿಕ್ಕಿಸಿ, ಅವನನ್ನೇ ಬೈದಳು.

ನಾಲ್ಕನೆಯ ದಿನ, ಮಾರುಕಟ್ಟೆ ಸ್ಟಾಪು.
ಹುಳಿ ಪ್ಲಮ್ಮಿನ ಬುಟ್ಟಿ ಹಿಡಿದು ಇಳಿಯುತ್ತಿದ್ದ
ಸೆವೆರಿಯಾನ್ ತಾತ.
ಮೊದಲು ಕೋಲು, ಆಮೇಲೆ ಬಲಗಾಲು,
ಆಮೇಲೆ ಬುಟ್ಟಿ, ಆಮೇಲೊಂದು ನಿಟ್ಟುಸಿರು,
ತನಗೆ ತಾನೇ ಹೇಳಿಕೊಂಡ: ನೆಲಾ, ನೆಲಾ.

ಅವರ ಮಾತಿನಲ್ಲಿ ನೆಲಾ ಎಂದರೆ ಮೆಲ್ಲಗೆ.
ನನ್ನ ಮಾತಿನಲ್ಲಿ ಅದು ಕಾಲಿಗೆ ಸಿಗುವಂಥದ್ದು.
ಕೊನೆಯ ಸೀಟಿನಲ್ಲಿದ್ದ ನನಗೆ
ಎರಡೂ ಒಟ್ಟಿಗೇ ಕೇಳಿಸಿತು.

ಅವಳಿಗೇನು ಕೇಳಿಸಿತೋ. ಬ್ರೇಕಿನ ಮೇಲೆ ಕಾಲಿಟ್ಟು
ಕೋಲು ಊರಿದಾಗ ಉಸಿರು ಬಿಟ್ಟಳು,
ಬುಟ್ಟಿ ಎತ್ತಿದಾಗ ಎಳೆದುಕೊಂಡಳು.
ನಾಲ್ಕನೆಯದು ಪೂರ್ತಿಯಾಯಿತು. ಐದು. ಆರು.
ಏಳಕ್ಕೆ ತಾತನ ಕಾಲು ರಸ್ತೆ ಮುಟ್ಟಿತು.

ಮುಂದೊಂದು ದಿನ ಇದೆಲ್ಲ ಹೇಳುತ್ತಿದ್ದಾಗ ಕೇಳಿದೆ:
ಈಗ ತಳಮಳ ಹೋಯಿತೆ?
ನಕ್ಕಳು. ಎಲ್ಲಿಗೆ ಹೋದೀತು,
ಅದರ ಹತ್ತಿರ ವರ್ಷದ ಪಾಸಿದೆ, ದಿನಾ ಹತ್ತುತ್ತದೆ.
ನನ್ನ ಬೆನ್ನ ಹಿಂದೆ ಬೇಡ,
ಬೇರೆ ಸೀಟು ಹಿಡಿ ಅನ್ನುತ್ತೇನೆ, ಅಷ್ಟೇ.

ಫೋನು ಬಂತೆ ಎಂದು ನಾನು ಕೇಳಲಿಲ್ಲ.
ವೃತ್ತ ಬಂತು. ಟ್ಯೂಲಿಪ್ಪಿನ ಸುತ್ತ ಬಸ್ಸು ವಾಲಿತು.
ಅವಳ ಹೆಗಲು ಕಿವಿಯತ್ತ ಒಮ್ಮೆ ಏರಿ
ಅಲ್ಲೇ ಸ್ವಲ್ಪ ಯೋಚಿಸಿ
ಇಳಿಯಿತು.