ಕಲಿಸಬಾರದ ಅರ್ಧ ಗಂಟೆ

ಸೆವೆನ್ ಹಿಲ್ಸ್ ಅಂತ ಊರಿನ ಹೆಸರು.
ಏಳು ಬೆಟ್ಟ ಎಲ್ಲಿ ಅಂತ ಬಂದ ಹೊಸದರಲ್ಲಿ ಎಣಿಸಲು ಹೋಗಿ
ರೈಲ್ವೆ ಸೇತುವೆಯ ಏರನ್ನೂ ಒಂದು ಅಂತ ಹಿಡಿದು
ಮೂರಕ್ಕೆ ನಿಲ್ಲಿಸಿದೆ.
ಗೋವಿಂದಾ ಅನ್ನಲು ಇನ್ನೂ ನಾಲ್ಕು ಕಡಿಮೆ.

ಬುಧವಾರ, ಒಂಬತ್ತೂವರೆ.
ನಾಲ್ಕನೇ ತರಗತಿ ಸುಲಿದ ಕಿತ್ತಳೆಯ ಹಾಗೆ
ತೊಳೆ ತೊಳೆಯಾಗಿ ಬಿಡಿಸಿಕೊಳ್ಳುತ್ತದೆ:
ಕ್ಯಾಥೊಲಿಕ್ ಮಕ್ಕಳು ಚಿತ್ರಕಲೆಯ ಕೋಣೆಗೆ,
ಆಂಗ್ಲಿಕನ್ನರು ಸಭಾಂಗಣದಲ್ಲಿ, ಶ್ರುತಿ ತಪ್ಪಿದ ಪಿಯಾನೋ ಪಕ್ಕ,
ಮುಸ್ಲಿಂ ಮಕ್ಕಳು ಕ್ಯಾಂಟೀನಿನ ಹಿಂದೆ, ತಗಡಿನ ಕೋಣೆಯಲ್ಲಿ,
ಹಿಂದೂಗಳಿಗೆ ಲೈಬ್ರರಿಯ ಗೋಡೆಯಾಚೆ, ಮೆಟ್ಟಿಲ ಬುಡದಲ್ಲೊಂದು ಕಾರ್ಪೆಟ್ಟು.
ಅವರಿಗೆ ಪಾಠ ಹೇಳುವವರು ನಿವೃತ್ತ ದಂತವೈದ್ಯೆ, ಮೃಣಾಲಿನಿ ಆಂಟಿ;
ಪ್ರಸಾದ, ಸಿಹಿ ಏನೂ ತರಬಾರದು ಅಂತ ಶಾಲೆ ಹೇಳಿದಾಗ
ವೃತ್ತಿಯ ದೆಸೆಯಿಂದ ಅವರು ಬೇಸರಪಡಲಿಲ್ಲ.

ಉಳಿದವರು ನನ್ನ ಪಾಲು.

ಅರ್ಜಿಯಲ್ಲಿ 'ಯಾವುದೂ ಅಲ್ಲ' ಎಂದು ಗುರುತು ಹಾಕಿದ ಮನೆಯವರು,
ಅರ್ಜಿಯನ್ನೇ ಚೀಲದ ತಳದಲ್ಲಿ ಬಾಳೆಹಣ್ಣಿನ ಕೆಳಗೆ ಮರೆತವರು,
ಅಪ್ಪ ಒಂದು ಬರೆದು ಅಮ್ಮ ಇನ್ನೊಂದು ಬರೆದು
ಕೋರ್ಟಿನ ಕಾಗದ ಬರುವ ತನಕ ಎರಡರಲ್ಲೂ ಇಲ್ಲದ ಟೇಗನ್.
ಹತ್ತೊಂಬತ್ತು ಮಕ್ಕಳು, ಐದು ಬೀನ್‌ಬ್ಯಾಗು, ನಾನು.

ನಿಯಮ ಇಷ್ಟೇ: ಈ ಅರ್ಧ ಗಂಟೆ ಏನೂ ಕಲಿಸಕೂಡದು.
ದೇವರ ಬಳಿ ಹೋದವರು ಹಿಂದೆ ಬೀಳಬಾರದಲ್ಲ,
ಗಣಿತದಲ್ಲಿ.
ಬಿ.ಎಡ್. ಎರಡು ಸಲ ಮಾಡಿದವಳು ನಾನು,
ಗದಗಿನಲ್ಲಿ ಒಮ್ಮೆ, ಅದು ಇಲ್ಲಿ ನಡೆಯೋಲ್ಲ ಅಂದದ್ದಕ್ಕೆ ಇನ್ನೊಮ್ಮೆ.
ಎರಡನ್ನೂ ತೊಡೆಯ ಮೇಲೆ ಮಡಚಿಟ್ಟುಕೊಂಡು
ಬಾಯಿಗೆ ಬೀಗ ಹಾಕಿ ಕೂರುತ್ತೇನೆ.

ಹೋದ ವಾರ ರೋವನ್ ಎದ್ದು ಬಂದ.
ಮಿಸ್, ಮ್ಯಾಗ್‌ಪೈ ಯಾಕೆ ಸೆಪ್ಟೆಂಬರಲ್ಲೇ ತಲೆ ಕುಕ್ಕುತ್ತೆ?
ಉತ್ತರ ನಾಲಿಗೆಯ ತುದಿಗೆ ಬಂದು
ಹಲ್ಲಿನ ಹಿಂದೆ ನಿಂತಿತು. ಅದು ವಿಜ್ಞಾನ. ಅದು ಪಠ್ಯ.
ಹತ್ತು ಗಂಟೆಗೆ ಹೇಳ್ತೀನಿ, ಅಂದೆ.
ಅವನು ಗಡಿಯಾರ ನೋಡಿದ, ನನ್ನನ್ನು ನೋಡಿದ,
ಟೀಚರಿಗೂ ಒಬ್ಬ ಟೀಚರಿದ್ದಾನೆ ಎಂದು
ಅವತ್ತೇ ಗೊತ್ತಾದವನ ಹಾಗೆ.

ಗದಗಿನ ಸಿಸ್ಟರುಗಳ ಶಾಲೆಯಲ್ಲಿ ಶುಕ್ರವಾರ ಕೊನೆಯ ಪೀರಿಯಡ್ಡು
ಇನ್ನಾಸಪ್ಪ, ಫ್ಲೋರಿನ್, ಅರುಳಪ್ಪನ ತಂಗಿ
ಎದ್ದು ಸಾಲಾಗಿ ಒಳಕೋಣೆಗೆ ಹೋಗುತ್ತಿದ್ದರು.
ನಮಗೆಲ್ಲ ನೀತಿಪಾಠ: ಸುಳ್ಳು ಹೇಳಬಾರದು, ಉಗುರು ಕತ್ತರಿಸಬೇಕು.
ಅವರು ಬಂಗಾರದಂಚಿನ ಪುಟ್ಟ ಚಿತ್ರ ಹಿಡಿದು ಬರುತ್ತಿದ್ದರು,
ನಾವು ಉಗುರು ಕಚ್ಚುತ್ತ.
ಮೂರು ಪೇರಲಹಣ್ಣಿಗೆ ಒಂದು ಚಿತ್ರ ನಾನೂ ಕೊಂಡೆ:
ನೀಲಿ ಸೆರಗು, ಎದೆಯ ಮೇಲೊಂದು ಕೂಸು.
ಅವ್ವ ಕಂಡಳು. ಏನೂ ಅನ್ನಲಿಲ್ಲ.
ದೇವರ ಜಗಲಿಗೂ ಅಲ್ಲ, ಕಸಕ್ಕೂ ಅಲ್ಲ,
ಜೋಳದ ಹಿಟ್ಟಿನ ಡಬ್ಬಿಗೆ ಒರಗಿಸಿ ಇಟ್ಟಳು.
ವರ್ಷಗಟ್ಟಲೆ ಅಲ್ಲೇ ಇತ್ತು, ಮುಖಕ್ಕೆ ಹಿಟ್ಟು ಬಳಿದುಕೊಂಡು.

ಗೋಡೆಯಾಚೆ ಮೃಣಾಲಿನಿ ಆಂಟಿ ಕಂಬ ಒಡೆದರು.
ಈಚೆ ಪುಸ್ತಕದ ಕಪಾಟಿಗೆ ಕಿವಿಯಿಟ್ಟು ಟೇಗನ್:
ಮಿಸ್, ಕೇಳಿಸ್ಕೊಂಡ್ರೆ ಆ ಲಿಸ್ಟಿಗೆ ಸೇರಿದ ಹಾಗಾ?
ನಿಯಮಗಳ ಹಾಳೆ ತಿರುವಿದೆ.
ಕಲಿಸಬಾರದು ಅಂತ ಇತ್ತು.
ಕೇಳಿಸಿಕೊಳ್ಳುವುದರ ಬಗ್ಗೆ ಯಾರೂ ಏನೂ ಬರೆದಿರಲಿಲ್ಲ.

ಹತ್ತಕ್ಕೆ ಗಂಟೆ. ರೋವನ್ ಬಾಗಿಲಲ್ಲೇ ನಿಂತಿದ್ದ, ಸಾಲಗಾರನ ಹಾಗೆ.
ಹೇಳಿದೆ: ಕುಕ್ಕೋದು ಗಂಡುಹಕ್ಕಿ. ಕಾವಲು.
ಹಾಗಾದ್ರೆ ಅಮ್ಮ? ಅಂದಳು ಟೇಗನ್.
ಅಮ್ಮ ಮೊಟ್ಟೆ ಮೇಲೆ ಕೂತಿರುತ್ತೆ.
ಇಬ್ಬರದೂ ಒಂದೇ ಗೂಡಾ?

ಹೌದು, ಅಂದೆ.
ಆಗ ಹತ್ತು ದಾಟಿ ಎರಡು ನಿಮಿಷ.