ಸಣ್ಣಗಾದ ರೂಪಾಯಿ

ಕಾಮಾಕ್ಷಿಪಾಳ್ಯ, ನಾಲ್ಕನೇ ಅಡ್ಡರಸ್ತೆ, ಲೇತ್ ಶಾಪಿನ ಮಹಡಿ,
ತಗಡಿನ ಸೂರಿನಡಿ ಪದ್ಮಜಾ ಆಟೋಮ್ಯಾಟಿಕ್ಸ್.
ಪದ್ಮಜಾ ಯಾರೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ.
ಸಾಹುಕಾರ ತಿಮ್ಮರಾಯಪ್ಪನವರ ಹೆಂಡತಿಯ ಹೆಸರು ಬೇರೆ.
ಕೇಳುವ ಧೈರ್ಯ ಸಂಬಳದ ದಿನವೂ ಬರಲಿಲ್ಲ.

ಮಾಡುತ್ತಿದ್ದದ್ದು ಒಂದೇ ಆಟ. ಹೆಸರು ಎಳೆ.
ಕಪ್ಪು ಪರದೆ, ಬಿಳಿ ಚುಕ್ಕಿ, ಒಂದು ಹಿಡಿಕೆ.
ತುಳಿದ ದಾರಿ ಮತ್ತೆ ತುಳಿಯದೆ
ಎಲ್ಲ ಚುಕ್ಕಿ ಸುತ್ತಿ ಹೊರಟಲ್ಲಿಗೇ ಬರಬೇಕು.
ತೊಂಬತ್ತು ಸೆಕೆಂಡು. ಒಂದು ರೂಪಾಯಿ.
ಗುಂಡಿಲ್ಲ, ಕಾರಿಲ್ಲ, ಸಾಯುವವರಿಲ್ಲ.
"ನಮ್ಮಜ್ಜಿ ದಿನಾ ಬಿಟ್ಟಿ ಆಡ್ತಾಳಲ್ಲೋ ಇದನ್ನ, ಬಾಗಿಲ ಮುಂದೆ!"
ಎಂದು ನಕ್ಕವನೇ ಮೆಜೆಸ್ಟಿಕ್ಕಿನಲ್ಲಿ ನಿಂತ ನಿಲುವಿನಲ್ಲಿ
ಹದಿನಾಲ್ಕು ರೂಪಾಯಿ ಕಳೆದ.
ನಾನೇ ಎಣಿಸಿದ್ದು. ಎಣಿಸುವುದೇ ನನ್ನ ಕೆಲಸ.

ಲೂನಾ ಮೇಲೆ ಗೋಣಿಚೀಲ, ಸೊಂಟದಲ್ಲಿ ಹದಿನೇಳು ಬೀಗದಕೈ.
ಸೋಮವಾರ ಗಾಂಧಿನಗರ, ಗುರುವಾರ ದಂಡು,
ಶನಿವಾರ ಟಾಕೀಸುಗಳು, ಮ್ಯಾಟಿನಿ ಬಿಟ್ಟ ಮೇಲೆ.
ಪೆಟ್ಟಿಗೆ ತೆರೆದರೆ ಬೆಚ್ಚಗಿನ ನಾಣ್ಯ,
ಬೆವರು, ಬೀಡಿ, ಕಡಲೆಕಾಯಿ ಸಿಪ್ಪೆ.
ರಾತ್ರಿ ನಾನು ಮುದ್ದೆ ಮುರಿದರೆ
ಸಾರಿಗೂ ತಾಮ್ರದ ರುಚಿ.

ಪೆಟ್ಟಿಗೆ ಮಾಡಿದವರು ಶಿವಾಜಿನಗರದ ಜಬೀವುಲ್ಲಾ ಸಾಬರು.
ಅದಕ್ಕೂ ಮೊದಲು ತೊಟ್ಟಿಲು ಮಾಡುತ್ತಿದ್ದರು,
ಮೂಲೆಗಳನ್ನು ಉಜ್ಜಿ ದುಂಡಗೆ ಮಾಡುವ ಚಟ ಬಿಟ್ಟಿರಲಿಲ್ಲ.
ಚುಕ್ಕಿ ಇಟ್ಟವಳು ಫಿಲೋಮಿನಾ, ಚೌಕದ ಲೆಕ್ಕಪುಸ್ತಕದಲ್ಲಿ,
ಅರವತ್ತನಾಲ್ಕು ಮನೆ. ಕೊನೆಯದನ್ನು ಯಾರೂ ದಾಟಲಿಲ್ಲ.
ದಾಟೋಕಾಗುತ್ತಾ ಎಂದರೆ
ಬೆಸುಗೆಯ ಹೊಗೆ ಊದಿ ಸುಮ್ಮನಾಗುತ್ತಿದ್ದಳು.

ಚಿಪ್ಪಿನ ನೆತ್ತಿಯಲ್ಲಿ ಒಂದು ಗಾಜಿನ ಕಣ್ಣು.
ಬಿಸಿಲು ಹೊಕ್ಕರೆ ಒಳಗೆ ಬರೆದದ್ದೆಲ್ಲ ಅಳಿಸಿಹೋಗುತ್ತದಂತೆ.
ಮುಚ್ಚುವ ಪಟ್ಟಿ ಮುಗಿದ ದಿನ
ಲಗ್ಗೆರೆಯ ಸುಗುಣ ತನ್ನ ಹಣೆಯ ಬೊಟ್ಟು ಕಿತ್ತು ಅಂಟಿಸಿದಳು.
ಆಮೇಲೆ ಅದೇ ಪದ್ಧತಿ.
ಡಜನ್ನಿಗೆ ಎಂಟಾಣೆ. ಖರ್ಚಿನ ಪುಸ್ತಕದಲ್ಲಿ
"ಬೊಟ್ಟು" ಎಂದೇ ಬರೆದಿದ್ದೇನೆ.

ಆಮೇಲೆ ರೂಪಾಯಿ ಸಣ್ಣಗಾಯಿತು.
ಗಾದೆಮಾತಿಗೆ ಹೇಳುತ್ತಿಲ್ಲ. ಅಂಗೈಯಲ್ಲೇ ಸಣ್ಣಗಾಯಿತು,
ಹಗುರ, ಉಕ್ಕಿನದು, ಮದುವಣಗಿತ್ತಿಯ ಹಾಗೆ ಮಿರಮಿರ.
ನಮ್ಮ ಯಂತ್ರದ ಗಂಟಲಲ್ಲಿ ಒಂದು ಅಯಸ್ಕಾಂತ:
ಕಬ್ಬಿಣದ ಬಿಲ್ಲೆ ಹಾಕುವ ಹುಡುಗರನ್ನು ಹಿಡಿಯಲು
ತಿಮ್ಮರಾಯಪ್ಪನವರೇ ಇಡಿಸಿದ್ದು.
ಅದು ಸರ್ಕಾರದ ರೂಪಾಯಿಯನ್ನೇ ಕಚ್ಚಿ ಹಿಡಿಯಿತು.
ಸಿಂಹಗಳ ಮುಖ ನೋಡಿಯೂ ಬಿಡಲಿಲ್ಲ.
ಜನ ಬೈದರು, ಒದ್ದರು,
ಸಾಬರು ದುಂಡಗೆ ಮಾಡಿದ ಮೂಲೆಗೇ ಒದ್ದರು.

ಅಯಸ್ಕಾಂತ ಕಿತ್ತೆವು.
ಆ ವಾರ ಗೋಣಿಚೀಲ ಎಂದಿಗಿಂತ ಭಾರ, ಲೂನಾ ಏದುಸಿರು ಬಿಟ್ಟಿತು.
ಸುರಿದು ನೋಡಿದರೆ
ಪೀಣ್ಯದಲ್ಲಿ ಇನ್ನೂ ತೂತು ಕೊರೆಯದ ಒಂಬೈನೂರು ವಾಷರು.
ಸಾಹುಕಾರರು ಕೂಗಾಡಲಿಲ್ಲ.
ಕೆಳಗಿನ ಲೇತ್ ಶಾಪಿಗೆ ತೂಕಕ್ಕೆ ಹಾಕಿ ಬಂದರು,
ಆ ತಿಂಗಳ ನಮ್ಮ ಸಂಬಳ ಅದು.
ಕೊನೆಯದೂ.

ಟಿವಿಗೆ ಸಿಕ್ಕಿಸುವ ಆಟ ಬಂದು ಮುಳುಗಿದೆವು ಅನ್ನುವವರಿದ್ದಾರೆ.
ಇರಬಹುದು. ನಾನು ಎಣಿಸಿದ್ದು ಇಷ್ಟೇ.

ಒಂದು ಬೋರ್ಡು ನನ್ನ ಪಾಲಿಗೆ ಬಂತು,
ಸಂಬಳದ ಬಾಕಿಗೆ ಬದಲು.
ಅಡುಗೆಮನೆ ಕಿಟಕಿಯ ಮೇಲಿನ ಹಲಗೆಯಲ್ಲಿ ಇಟ್ಟು ಮರೆತೆ.
ಮೊನ್ನೆ ಇಳಿಸಿದರೆ ಬೊಟ್ಟು ಒಣಗಿ ಉದುರಿದೆ.
ಕಣ್ಣು ತೆರೆದುಕೊಂಡೇ ಎಷ್ಟು ವರ್ಷ ಬಿಸಿಲು ಕುಡಿಯಿತೋ.
ಎಸ್‌ಪಿ ರೋಡಿನ ಹುಡುಗ ತಂತಿ ಕೊಟ್ಟು ನೋಡಿದ:
ಹೆಸರು ಬರಲಿಲ್ಲ, ಗಡಿಯಾರ ಬರಲಿಲ್ಲ,
ಹಿಡಿಕೆ ಎತ್ತ ತಿರುಗಿಸಿದರೂ ಎಳೆ ಹೊರಡಲಿಲ್ಲ.
ಚುಕ್ಕಿ ಮಾತ್ರ, ಹೇಗೆಂದರೆ ಹಾಗೆ.
"ಸತ್ತಿದೆ ಅಂಕಲ್" ಅಂದ.
ಇದು ಅರವತ್ತನಾಲ್ಕನೇ ಮನೆಯೇ ಇರಬಹುದು
ಅಂತ ನಾನು ಅನ್ನಲಿಲ್ಲ.

ಬರುವಾಗ ಅವೆನ್ಯೂ ರಸ್ತೆಯಲ್ಲಿ
ಒಂದು ಹಾಳೆ ಬೊಟ್ಟು ಕೊಂಡೆ.
ಯಾವ ಸೈಜು ಎಂದ. ಕಿರುಬೆರಳ ಉಗುರು ತೋರಿಸಿದೆ.
ಹತ್ತು ಕೊಟ್ಟೆ. ಒಂದು ವಾಪಸ್ ಕೊಟ್ಟ.
ಅದು ಇನ್ನೂ ಸಣ್ಣಗಾಗಿತ್ತು.